ಕಿವಿಯ ಹಿಂದೆ ಸಣ್ಣ ಕರೆಂಟು

ಅನಂತಪುರ, ತಾ. ಅಥಣಿ
೧೮ ಫೆಬ್ರುವರಿ ೨೦೨೫

ಚಿ. ಪೂನಮ್‌ಳಿಗೆ ನಿನ್ನ ಅಪ್ಪನ ಆಶೀರ್ವಾದ, ಜಯ ಜಿನೇಂದ್ರ.

ಕಾಗದ ತಡವಾಯಿತು, ಬೇಸರಿಸಬೇಡ. ದ್ರಾಕ್ಷಿ ಕಟಾವು ನಡೆದಿದೆ ಎಂದು ಹೇಳಬಹುದು, ಅದು ಸುಳ್ಳೂ ಅಲ್ಲ. ಆದರೆ ಹೇಗೆ ಬರೆಯಬೇಕೆಂದು ತಿಳಿಯದೆ ತಡವಾಯಿತು ಎಂಬುದು ಹೆಚ್ಚು ನಿಜ. ಫೋನಿನಲ್ಲಿ ಹೇಳುವಂತಿಲ್ಲ, ನಾನು ಫೋನು ಹಿಡಿದ ಕೂಡಲೇ ನಿನ್ನ ಅವ್ವ ಬಂದು ಪಕ್ಕದಲ್ಲಿ ಕೂರುತ್ತಾಳೆ. ನಾಶಿಕದಲ್ಲಿ ಅಳಿಯಂದಿರು, ಮಕ್ಕಳು ಆರೋಗ್ಯದಿಂದಿದ್ದಾರೆಂದು ನಂಬಿದ್ದೇನೆ.

ಮಳೆಗಾಲದಲ್ಲಿ ಅವ್ವನಿಗೆ ಮೂತ್ರಪಿಂಡದ ಸೋಂಕಾಗಿ ಇಂಜೆಕ್ಷನ್ ಕೊಡಿಸಿದ್ದು ನಿನಗೆ ಗೊತ್ತು. ಜ್ವರ ಹೋಯಿತು, ಓಲಾಟ ಉಳಿಯಿತು. ಹಗಲು ಗೋಡೆ ಹಿಡಿದು ನಡೆಯುತ್ತಿದ್ದಳು. ಬೆಳಕು ಕಡಿಮೆಯಾದರೆ ಅದೂ ಆಗುತ್ತಿರಲಿಲ್ಲ. ಹೆಜ್ಜೆ ಇಟ್ಟರೆ ಎದುರಿನ ಮನೆಗಳೆಲ್ಲ ಕುಣಿಯುತ್ತವೆ ಎನ್ನುತ್ತಿದ್ದಳು. ತೋಟದಲ್ಲಿ ಆಳು ಧರೆಪ್ಪ ಒಮ್ಮೆ ಅವಳ ನಡಿಗೆ ನೋಡಿ, “ಆಯಿ, ನಾವು ಮಾಡೂದು ಒಣದ್ರಾಕ್ಷಿ. ನಿಮಗ ನಶಾ ಹ್ಯಾಂಗ ಏರೇತಿ?” ಅಂದ. ಎಲ್ಲರೊಂದಿಗೆ ಅವಳೂ ನಕ್ಕಳು. ಹೆಂಡದ ಮಾತಿರಲಿ, ನೇಮವೆಂದು ಜೇನುತುಪ್ಪವನ್ನೂ ನಾಲಿಗೆಗೆ ಮುಟ್ಟಿಸದವಳು ಅವಳು. ಮರುದಿನದಿಂದ ತೋಟಕ್ಕೆ ಬರಲಿಲ್ಲ.

ಆಮೇಲೆ ಒಂದೊಂದಾಗಿ ಬಿಡತೊಡಗಿದಳು. ಹೊತ್ತು ಮುಳುಗಿದ ಮೇಲೆ ಉಣ್ಣುವ ರೂಢಿ ನಮ್ಮಲ್ಲಿ ಮೊದಲೇ ಇಲ್ಲ; ಅವಳು ಸಂಜೆಯ ಊಟವನ್ನೇ ಬಿಟ್ಟಳು. ನಂತರ ಮಧ್ಯಾಹ್ನದ ಮೇಲಿನ ನೀರು. ನಂತರ ಒಪ್ಪತ್ತು ಅರ್ಧ ರೊಟ್ಟಿ ಮಾತ್ರ. ಬೇರೆ ಮನೆಯಾಗಿದ್ದರೆ ಡಾಕ್ಟರರನ್ನು ಕರೆಯುತ್ತಿದ್ದರು. ನಮ್ಮ ಓಣಿಯವರು ಬಂದು ಕೈಮುಗಿದರು. ಕಮಲಾಬಾಯಿ ಸಲ್ಲೇಖನಕ್ಕೆ, ಅನ್ನನೀರು ಬಿಟ್ಟು ಶಾಂತಳಾಗಿ ಹೋಗುವ ವ್ರತಕ್ಕೆ ಸಿದ್ಧಳಾಗುತ್ತಿದ್ದಾಳೆ ಎಂದು ಬಸದಿಯಲ್ಲಿ ಮಾತಾಯಿತು. ಅದನ್ನು ಕೇಳಿ ನೀನು ಬರಲು ತಿಕೀಟು ತೆಗೆಸಿದ್ದನ್ನು ನಿನ್ನ ಅಣ್ಣ ಸುಜಯ ಅವಳಿಗೂ ಹೇಳಿದ. “ಮಾರಿ ಮ್ಯಾಲ ಎಂಥಾ ಕಳೆ ಬಂದೈತಿ ನೋಡ್ರಿ,” ಎಂದು ಹೆಂಗಸರು ಪಿಸುಗುಟ್ಟುತ್ತ ಕಾಲು ಮುಟ್ಟುತ್ತಿದ್ದರು. ನನಗೆ ಕಂಡದ್ದು ಒಡೆದ ತುಟಿ. ಆದರೂ ಅಷ್ಟು ಜನ ಹೇಳುವಾಗ ನಾನೂ ಕಳೆಯನ್ನೇ ನೋಡಲು ಪ್ರಯತ್ನಿಸಿದೆ. ಅವಳನ್ನು ಕೇಳಿದರೆ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.

ನಿಜ ಹೊರಬಿದ್ದದ್ದು ಸುಜಯನ ಹೆಂಡತಿ ರೂಪಾಲಿಯಿಂದ. ಕಾಲ್ನಡಿಗೆಯಲ್ಲಿ ವಿಹಾರ ಮಾಡುತ್ತ ಊರಿಗೆ ಬಂದ ಮುನಿಗಳ ಮುಂದೆ ವ್ರತ ಕೇಳಲು ನಾವೆಲ್ಲ ಕುಳಿತಿದ್ದೆವು. “ಅನ್ನದ ಆಸೆ ಹೋಗಿದೆಯೇ, ತಾಯಿ?” ಎಂದರು ಅವರು. ಇವಳು ತಲೆ ತಗ್ಗಿಸಿದಳು. ಹಿಂದಿನಿಂದ ರೂಪಾಲಿ, “ಆಸೆ ಹೋಗಿಲ್ರಿ ಮಹಾರಾಜ. ನನ್ನ ಮಗನ ತಾಟಿನಾಗಿನ ಶೇಂಗಾ ಹೋಳಿಗಿ ನೋಡಕೋಂತ ಕುಂಡ್ರತಾರ. ಕತ್ತಲದಾಗ ಎದ್ದು ಬಚ್ಚಲಕ್ಕ ಹೋಗಬೇಕಾದೀತು, ಬಿದ್ದೇನು ಅಂತ ಅಂಜಿ ಬಿಟ್ಟಾರ್ರಿ!” ಎಂದುಬಿಟ್ಟಳು.

ಮುನಿಗಳು ಇವಳ ಕಡೆ ತಿರುಗಿದರು. “ಉಪಾಯವಿರುವ ರೋಗಕ್ಕೆ ಈ ವ್ರತವಲ್ಲ. ಮೊದಲು ವೈದ್ಯರನ್ನು ಕಾಣಿ,” ಎಂದು ನವಿಲುಗರಿಯ ಪಿಂಛಿಯೆತ್ತಿ ಹರಸಿದರು.

ಹೊರಗೆ ಬಂದದ್ದೇ ನಿನ್ನ ಅವ್ವ ಸೊಸೆಯ ಮೇಲೆ ಹರಿಹಾಯ್ದಳು. “ಮಹಾರಾಜರ ಮುಂದ ಬಚ್ಚಲದ ಮಾತಾಡತಿ? ಮಾನ ಐತೇನ ಬೇ ನಿನಗ?”

“ಮಾನ ನೀವ ಇಟಗೋರಿ ಅತ್ತಿ. ನನಗ ನೀವು ಬೇಕು,” ಅಂದಳು ರೂಪಾಲಿ.

ಮಿರಜದಲ್ಲಿ ಸಾರಿಕಾ ಎಂಬ ಡಾಕ್ಟರಿದ್ದಾರೆ, ವಯಸ್ಸು ನಿನ್ನಷ್ಟೇ ಇರಬಹುದು. ಕಿವಿಗೆ ತಣ್ಣೀರು, ಬಿಸಿನೀರು ಹಾಕಿ ಕಣ್ಣಿನ ಗುಡ್ಡೆ ಹೇಗೆ ಅಲುಗುತ್ತದೆಂದು ನೋಡಿದರು. ಅಲುಗಲೇ ಇಲ್ಲ. ಕೇಳುವ ಶಕ್ತಿ ಉಳಿದಿದೆ, ಆದರೆ ಒಳಗಿವಿಯಲ್ಲಿ ಸಮತೋಲ ಕಾಯುವ ಭಾಗ ಎರಡೂ ಕಡೆ ಆ ಇಂಜೆಕ್ಷನ್ನಿನಿಂದ ಬಹುತೇಕ ಸತ್ತಿದೆ ಎಂದರು. ಸೋಂಕಿಗೆ ಅದು ಬೇಕಿತ್ತು, ಕೆಲವರಿಗೆ ಹೀಗಾಗುತ್ತದೆ ಎಂದೂ ಹೇಳಿದರು. ಅವರೊಂದು ಅಧ್ಯಯನ ನಡೆಸುತ್ತಿದ್ದಾರೆ: ಎರಡು ಕಿವಿಗಳ ಹಿಂದಿನ ಎಲುಬಿನ ಮೇಲೆ ಅಂಟುವ ಪಟ್ಟಿ, ಅದರಿಂದ ಸೊಂಟದ ಸಣ್ಣ ಡಬ್ಬಿಗೆ ತಂತಿ. ಅಳಿದುಳಿದ ನರ ಮಿದುಳಿಗೆ ಕಳಿಸುವ ಸುದ್ದಿ ಬಹಳ ಕ್ಷೀಣ. ಮೈಗೆ ಗೊತ್ತಾಗದಷ್ಟು ಸಣ್ಣ, ಏರಿಳಿಯುವ ಕರೆಂಟು ಕೊಟ್ಟರೆ ಆ ಸುದ್ದಿ ದಾಟಿಹೋಗುವ ಮಟ್ಟಕ್ಕೆ ಏರುತ್ತದಂತೆ.

“ಕರೆಂಟ ಹಚ್ಚತೀರಿ? ನಾ ಏನ ಬಾವ್ಯಾಗಿನ ಮೋಟರ?” ಅಂದಳು ನಿನ್ನ ಅವ್ವ.

“ಮೋಟರ ಆಗಿದ್ರ ಸುಟ್ಟ ಮ್ಯಾಲ ಹೊಸಾ ತಂತಿ ಸುತ್ತಸಬಹುದಿತ್ತು ಆಯಿ. ನಿಮ್ಮದು ಹಂಗ ಬರೂದಿಲ್ಲ,” ಎಂದರು ಡಾಕ್ಟರು, ನಗದೆ. “ಗುಣ ಆಗತೈತಿ ಅಂತ ನಾ ಮಾತ ಕೊಡೂದಿಲ್ಲ. ಹಚ್ಚಿದಾಗ ಒಂದಿಷ್ಟು ಆಸರ. ತಗದ ಮ್ಯಾಲೂ ಕೆಲವರಿಗೆ ಒಂದಿಷ್ಟು ಹೊತ್ತು ಇರತೈತಿ. ಎಲ್ಲಾರಿಗೂ ಅಲ್ಲ.”

ಮೆತ್ತನೆಯ ಹಾಸಿನ ಮೇಲೆ ನಿಲ್ಲಿಸಿ ಕಣ್ಣು ಮುಚ್ಚಲು ಹೇಳಿದರು. ಡಬ್ಬಿ ಬಂದ್ ಇದ್ದಾಗ ಸುಜಯನ ತೋಳಿಗೆ ಒರಗಿ ಬಿದ್ದಳು. ಚಾಲೂ ಮಾಡಿದರು. ಅಲುಗಾಡಿದಳು, ಬೀಳಲಿಲ್ಲ. ಕಣ್ಣು ಬಿಟ್ಟವಳು ಯಾರ ಕಡೆಗೂ ನೋಡದೆ ನೀರು ಕೇಳಿದಳು. ಮಧ್ಯಾಹ್ನ ಕಳೆದಿತ್ತು. ಲೋಟ ಪೂರ್ತಿ ಕುಡಿದಳು. ನಾನು ಕಿಟಕಿಯ ಕಡೆ ತಿರುಗಿ ನಿಂತೆ.

ಈಗ ರೂಪಾಲಿ ದಿನವೂ ಪಟ್ಟಿ ಹಚ್ಚುತ್ತಾಳೆ. ಬಸದಿಯವರೆಗೆ ಕೋಲಿನ ಆಸರೆಯಲ್ಲಿ ಒಬ್ಬಳೇ ಹೋಗಿಬಂದಳು. ಊಟವೂ ಎರಡು ಹೊತ್ತು. ಆದರೆ ನನಗೆ ಸಮಾಧಾನವಿಲ್ಲ. ಅವಳು ಎದ್ದರೆ ನಾನು ಏಳುತ್ತೇನೆ. ಡಬ್ಬಿಯ ದೀಪ ಹತ್ತಿದೆಯೋ ಇಲ್ಲವೋ ಎಂದು ಮತ್ತೆ ಮತ್ತೆ ಇಣುಕಿ ನೋಡಿ ಬೈಸಿಕೊಳ್ಳುತ್ತೇನೆ. ಇನ್ನೊಂದು ವಿಷಯ: ಕಾಲು ಮುಟ್ಟಲು ಬರುತ್ತಿದ್ದವರು ಈಗ ಬರುವುದಿಲ್ಲ. ಅವರದೇನೂ ತಪ್ಪಿಲ್ಲ. ಆದರೂ ಮಧ್ಯಾಹ್ನ ಅವಳು ಪಡಸಾಲೆಯಲ್ಲಿ ಚಾಪೆ ಹಾಸಿಸಿಕೊಂಡು ಬಾಗಿಲ ಕಡೆ ಮುಖಮಾಡಿ ಕೂರುತ್ತಾಳೆ.

ನಿನ್ನ ಶಾಲೆಯ ಪರೀಕ್ಷೆಗಳು ಸುಗಮವಾಗಿ ನಡೆಯಲಿ. ಮಕ್ಕಳಿಗೆ ಈ ಅಜ್ಜನ ಮುದ್ದು. ಜಿನೇಶ್ವರನು ನಿಮ್ಮನ್ನೆಲ್ಲ ಸುಖವಾಗಿಡಲಿ.

ನಿನ್ನ ಅಪ್ಪ,
ಬಾಪುಸಾಹೇಬ

ತಾ. ಕ.: ಮೇಲಿನದು ನಿನ್ನೆ ಬರೆದದ್ದು. ಸಂಜೆ ಸುಜಯ ಖುಷಿಯಿಂದಲೇ ಹೇಳಿದ: “ಅವ್ವಾ, ಪೂನಮ್ ತಿಕೀಟ ಕ್ಯಾನ್ಸಲ್ ಮಾಡ್ಯಾಳಂತ. ವ್ರತ ಇಲ್ಲಂದ್ರ ಗಡಿಬಿಡಿ ಏನಿಲ್ಲ, ಮ್ಯಾಲ ನೋಡೂಣು ಅಂದ್ಲು.” ಇವಳು “ಛಲೋ ಆತು, ಹುಡುಗರ ಪರೀಕ್ಷಾ ಐತಿ,” ಅಂದಳು. ನೀನು ಬಂದು ಮೂರು ವರ್ಷವಾಯಿತು. ಬೆಳಿಗ್ಗೆ ರೂಪಾಲಿ ಪಟ್ಟಿ ತಂದರೆ, “ಇವತ್ತ ಬ್ಯಾಡ,” ಎಂದು ಮುಖ ತಿರುಗಿಸಿದಳು. ನೀರನ್ನೂ ಮುಟ್ಟಿಲ್ಲ. ಕೇಳಿದರೆ ಹೊಟ್ಟೆ ಭಾರ ಎನ್ನುತ್ತಾಳೆ. ನಿನ್ನನ್ನು ಬಾ ಎಂದು ಬರೆಯಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ. ನಾನು ಹಾಗೆ ಬರೆದಿಲ್ಲ.