ಬಿಚ್ಚದೆ ಇಟ್ಟಿದ್ದ ಅರವತ್ತೊಂದು ಪೆಟ್ಟಿಗೆ

ಯೂನಿಯನ್ ಸಿಟಿ
೧೪ ನವೆಂಬರ್ ೨೦೨೫

ಪ್ರೀತಿಯ ತಮ್ಮ ಜಯರಾಜನಿಗೆ,

ಅಕ್ಕನ ಆಶೀರ್ವಾದ. ಮೊದಲು ನಿನ್ನ ಸಿಟ್ಟಿನ ಖರ್ಚು ಹೇಳಿಬಿಡುತ್ತೇನೆ: ನಮ್ಮ ಗ್ರೈಂಡರ್ ಶೆಡ್ಡಿನ ಬೀಗದ ಕೈ ನನ್ನ ಮೇಜಿನ ಮೇಲಿಟ್ಟು ನೀನು ಸಿಯಾಟಲಿಗೆ ಮಗಳು ಲಾಸ್ಯಾಳ ಮನೆಗೆ ಹೊರಟು ಹತ್ತು ತಿಂಗಳು, ನಾನು ಮಾಡಿದ ಫೋನು ನಲವತ್ತು, ಎತ್ತಿದ್ದು ಮೂರು, ಆ ಮೂರರಲ್ಲಿ ಎರಡು ಲಾಸ್ಯಾ ಎತ್ತಿದ್ದು. ಮೊಣಕಾಲು ನೋವು ಹೇಗಿದೆ? ಅಲ್ಲಿಯ ಚಳಿಗೆ ಎಣ್ಣೆ ತಿಕ್ಕುವುದನ್ನು ಬಿಡಬೇಡ, ಸಕ್ಕರೆಯ ಮಾತ್ರೆಯನ್ನೂ ತಪ್ಪಿಸಬೇಡ. ನಾನು ಚೆನ್ನಾಗಿದ್ದೇನೆ, ಗ್ರೈಂಡರ್ ಮಾರಾಟ ಏರಿದಾಗ ನನ್ನ ಬಿ.ಪಿ. ತಾನಾಗಿ ಇಳಿಯುತ್ತದೆ. ಕಂಪನಿ ಮುಚ್ಚೋಣವೆಂದು ನೀನು ಸಹಿ ಹಾಕಿ ಕಳಿಸಿದ ಕಾಗದ ತಲುಪಿತು. ಅದಕ್ಕೆ ಉತ್ತರ ಇದು.

ಕಳೆದ ವರ್ಷದ ನವರಾತ್ರಿಯ ಲೆಕ್ಕ ನಿನಗೂ ಗೊತ್ತು. ಆದರೂ ಬರೆಯುತ್ತೇನೆ, ಜಗಳ ಹುಟ್ಟಿದ್ದು ಅಲ್ಲೇ. ಮುನ್ನೂರ ಹನ್ನೆರಡು ಗ್ರೈಂಡರ್ ಹೋದವು, ಅರವತ್ತೊಂದು ವಾಪಸು ಬಂದವು. ಗಿರಾಕಿಯ ಮನೆಯಲ್ಲಿ ಉಳಿದ ಒಂದೊಂದರಿಂದ ಮೂವತ್ತೊಂದು ಡಾಲರ್ ಲಾಭ. ವಾಪಸು ಬಂದ ಒಂದೊಂದಕ್ಕೆ ಹೋಗುವ ಸಾಗಾಟ, ಬರುವ ಸಾಗಾಟ, ಗುಜರಿಯವನ ಕೂಲಿ, ಯಂತ್ರದ ಖರ್ಚು ಎಲ್ಲ ಸೇರಿ ನೂರ ನಲವತ್ನಾಲ್ಕು ನಷ್ಟ. ಕೂಡಿ ಕಳೆದರೆ, ಇಷ್ಟೆಲ್ಲ ಮಾರಿದ ಮೇಲೂ ನಮ್ಮ ಕೈಯಿಂದಲೇ ಸಾವಿರದ ಮೂರು ಡಾಲರ್ ಹೋಗಿತ್ತು. ಹೆಚ್ಚಿನ ವಾಪಸು ಚೀಟಿಗಳಲ್ಲಿ ಒಂದೇ ದೂರು: ಸ್ವಿಚ್ ಕೆಲಸ ಮಾಡುತ್ತಿಲ್ಲ. ಸ್ವಿಚ್ಚು ನಿನ್ನ ಆಯ್ಕೆ. “ಅಕ್ಕ, ಒಂದನ್ನಾದ್ರೂ ಬಿಚ್ಚಿ ನೋಡುವ ಮಾರಾಯ್ತಿ” ಅಂದೆ ನೀನು. “ಬಿಚ್ಚಲಿಕ್ಕೆ ನಲವತ್ತು ನಿಮಿಷದ ಸಂಬಳ, ಬಿಸಾಡಲಿಕ್ಕೆ ಆರೇ ಡಾಲರ್” ಅಂದೆ ನಾನು. ಆಮೇಲೆ ಕೆಲಸದವರ ಎದುರು ನಾನು ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ.

ಮಾರ್ಚಿನಲ್ಲಿ, ಗುಜರಿಯವನು ಬರುವ ಹಿಂದಿನ ದಿನ, ಒಂದು ಮೋಟಾರು ಬೇಕಾಗಿ ನಾನೇ ಸ್ಕ್ರೂಡ್ರೈವರ್ ಹಿಡಿದೆ. ಸ್ವಿಚ್ಚಿನ ಒಳಗೆಲ್ಲ ಕೆಂಪಗೆ ಏನೋ ಒಣಗಿ ಗಟ್ಟಿಯಾಗಿತ್ತು. ತುಕ್ಕು ಅಂದುಕೊಂಡೆ. ಯಂತ್ರ ಜೋಡಿಸುವ ನಮ್ಮ ಶಿವರುದ್ರಪ್ಪನವರು ಬೆರಳಲ್ಲಿ ತೀಡಿ, ಮೂಸಿ, “ತುಕ್ಕಲ್ರೀ ಅಕ್ಕಾರ, ಕುಂಕುಮ” ಅಂದರು. ಆಯುಧಪೂಜೆ, ತಮ್ಮ. ಹೊಸ ಯಂತ್ರಕ್ಕೆ ಅರಿಶಿನ ಕುಂಕುಮ ಕಲಸಿ ಬೊಟ್ಟಿಡದೆ ನಮ್ಮವರಲ್ಲಿ ಯಾರು ಶುರು ಮಾಡುತ್ತಾರೆ? ನಮ್ಮ ಗ್ರೈಂಡರಿನಲ್ಲಿ ಬೊಟ್ಟಿಡಲು ಕಣ್ಣಿಗೆ ಬೀಳುವ ಜಾಗ ಆ ಸ್ವಿಚ್ಚೊಂದೇ. ಗುಜರಿಯವನನ್ನು ಬರಬೇಡವೆಂದು ಹೇಳಿ ಅರವತ್ತೊಂದನ್ನೂ ಬಿಚ್ಚಿಸಿದೆ. ನಲವತ್ತೆಂಟರಲ್ಲಿ ಕುಂಕುಮ, ಒಂದರ ಪಾತ್ರೆಯಲ್ಲಿ ಒಣಗಿದ ನಿಂಬೆಹಣ್ಣು.

ಚೀಟಿಯಲ್ಲಿ ಇದನ್ನು ಯಾರೂ ಬರೆದಿರಲಿಲ್ಲ. ಕ್ಯುಪರ್ಟಿನೋದ ವಿಭಾ ಎಂಬ ಗಿರಾಕಿಗೆ ಫೋನು ಮಾಡಿ ಕೇಳಿದೆ. “ಇಲ್ಲ ಆಂಟಿ, ಜಸ್ಟ್ ಪ್ಲಗ್ ಮಾಡಿದ್ವಿ ಅಷ್ಟೆ” ಅಂದಳು. ಹಿಂದಿನಿಂದ ಅವಳ ಅತ್ತೆಯ ದನಿ: “ಸುಳ್ಯಾಕೆ ಹೇಳ್ತೀಯೇ, ನಾನೇ ಇಟ್ಟಿದ್ದು, ಮೂರು ಬೊಟ್ಟು.” ಆ ಅತ್ತೆಗೆ ನಾನು ಒಂದು ಗ್ರೈಂಡರ್ ಬಿಟ್ಟಿ ಕಳಿಸಿದ್ದೇನೆ. ನಾನು ಬಿಟ್ಟಿ ಕೊಟ್ಟದ್ದನ್ನು ನೀನು ಯಾವತ್ತಾದರೂ ನೋಡಿದ್ದೀಯಾ?

ಈಗ ಸ್ವಿಚ್ಚಿಗೆ ಮೂವತ್ತೆಂಟು ಸೆಂಟಿನ ರಬ್ಬರ್ ಟೋಪಿ. ಅದರ ಮೇಲ್ಗಡೆ ರೂಪಾಯಿ ಅಗಲದ ಸ್ಟೀಲ್ ಬಿಲ್ಲೆ, ಬೊಟ್ಟಿಡಲಿಕ್ಕೆಂದೇ. ಕೈಪಿಡಿಯಲ್ಲಿ ಚಿತ್ರ ಸಮೇತ ಒಂದು ಸಾಲು: ಕುಂಕುಮ ಇಲ್ಲಿ ಇಡಿ. ಹಳೆಯ ನಲವತ್ತೆಂಟಕ್ಕೆ ಸ್ವಿಚ್ ಬದಲಿಸಿ, ಸೆಕೆಂಡ್ ಹ್ಯಾಂಡ್ ಎಂದು ಹೇಳಿಯೇ ಮಾರಿದೆ. ಹೋದ ದುಡ್ಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಬಂತು. ಈ ನವರಾತ್ರಿಗೆ ಇನ್ನೂರ ತೊಂಬತ್ತು ಮಾರಿದೆವು. ವಾಪಸು ಬಂದದ್ದು ಏಳು. ಏಳನ್ನೂ ಬಂದ ದಿನವೇ ಬಿಚ್ಚಿದೆವು. ಶೆಡ್ಡಿನಲ್ಲಿ ಈಗ ಅದೇ ನಿಯಮ: ವಾಪಸು ಬಂದ ಪೆಟ್ಟಿಗೆ ಬಿಚ್ಚಿ ನೋಡದೆ ಹೊಸದನ್ನು ಯಾರೂ ಜೋಡಿಸುವಂತಿಲ್ಲ. ಇಷ್ಟು ವರ್ಷ ಗಿರಾಕಿಗಳು ತಾವಾಗಿಯೇ ಮನೆ ಬಾಗಿಲಿಗೆ ತಂದು ಹಾಕಿದ ಬುದ್ಧಿಯನ್ನು ನಾನು ಆರು ಡಾಲರ್ ಕೊಟ್ಟು ಎಸೆಯುತ್ತಿದ್ದೆ.

ಕಂಪನಿ ಮುಚ್ಚುವ ಕಾಗದಕ್ಕೆ ವರ್ಷದ ಕೊನೆಯೊಳಗೆ ನನ್ನ ಸಹಿಯೂ ಬೀಳಬೇಕಂತೆ. ಬೀಳುವುದಿಲ್ಲ. ನಿನ್ನ ಪಾಲು ಕೇಳಿದರೆ ಕಂತಿನಲ್ಲಾದರೂ ಕೊಡುತ್ತೇನೆ, ಬಾಗಿಲು ಮಾತ್ರ ಹಾಕುವುದಿಲ್ಲ.

ಲಾಸ್ಯಾಳಿಗೂ ಅಳಿಯನಿಗೂ ಒಳ್ಳೆಯದಾಗಲಿ. ನಿನ್ನ ಕಾಲು ಗಟ್ಟಿಯಾಗಲಿ.

ನಿನ್ನ ಅಕ್ಕ,
ಗುಲಾಬಿ

ಮರೆತಿದ್ದೆ: ಈ ಕಾಗದವನ್ನು ಹೊಸ ಗ್ರೈಂಡರಿನ ಪಾತ್ರೆಯೊಳಗಿಟ್ಟು ಕಳಿಸುತ್ತಿದ್ದೇನೆ. ಸ್ವಿಚ್ಚು ನಿನ್ನದೇ, ಬದಲಿಸಿಲ್ಲ. ಟೋಪಿ ಮಾತ್ರ ನನ್ನದು. ಅವತ್ತು ಐದು ಜನ ಕೆಲಸದವರ ಎದುರು “ನಿನ್ನ ಕೈಗುಣವೇ ಕೆಟ್ಟದ್ದು” ಅಂದೆನಲ್ಲ, ಅದೇ ಐವರನ್ನು ನಿಲ್ಲಿಸಿಕೊಂಡು, ತಪ್ಪು ನನ್ನದು, ಜಯರಾಜನದ್ದಲ್ಲ ಎಂದು ಹೇಳಿದ್ದೇನೆ. ಪೆಟ್ಟಿಗೆಯಲ್ಲಿ ವಾಪಸು ಚೀಟಿ ಹಾಕಿಲ್ಲ. ಬೇಡವಾದರೆ ನೀನೇ ಹೊತ್ತುಕೊಂಡು ಬರಬೇಕು. ಇಲ್ಲಿಯವರೆಗಿನ ಲೆಕ್ಕ: ಗಿರಾಕಿಗೆ ಬೊಟ್ಟಿಡಲು ಜಾಗ, ಐವರಿಗೆ ಮುಂದಿನ ವರ್ಷದ ಸಂಬಳ, ಗುಜರಿಯವನಿಗೆ ಸೊನ್ನೆ, ನಿನಗೆ ನಿನ್ನ ಹೆಸರು. ನನ್ನ ಪಾಲಿನದ್ದು ಇನ್ನೂ ಬರೆದಿಲ್ಲ. ಬೀಗದ ಕೈ ಮೇಜಿನ ಮೇಲೇ ಇದೆ.