ಯಜಮಾನ ಗೆದ್ದ ದಿನ

ಮಂಗಳವಾರ, ಬೆಳಿಗ್ಗೆ

ಯಜಮಾನರಿಗೆ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ, ನೀವೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಭಾನುವಾರ ಸಮುದ್ರದ ದಂಡೆಯ ಕುದುರೆ ಪಂದ್ಯದಲ್ಲಿ ನೀವು ಕೈ ಎತ್ತಿದಾಗ ನಾನು ಕಂಡೂ ಕಾಣದ ಹಾಗೆ ಇದ್ದೆನೆಂದು ತಿಳಿಯಬೇಡಿ. ನೀರಿನ ಮೇಲಿನ ಬಿಸಿಲು ನೇರವಾಗಿ ಕಣ್ಣಿಗೆ ಹೊಡೆಯುತ್ತಿತ್ತು. ಅಷ್ಟು ದೂರದಲ್ಲಿ ಯಾರು ಯಾರೆಂದು ಗುರುತಾಗುವುದು ಕಷ್ಟ. ಮನೆಗೆ ಬಂದು ಯೋಚಿಸಿದ ಮೇಲೆ, ಅರೆ, ಅವರೇ ಇರಬೇಕಲ್ಲ ಎಂದು ಹೊಳೆಯಿತು.

ನಾನು ಅಲ್ಲಿಗೆ ಬಂದದ್ದು ಹೇಗೆಂದು ನಿಮಗೆ ಆಶ್ಚರ್ಯವಾಗಿರಬೇಕು. ನೀವು ಹೋದ ಮೇಲೆ ನಾನು ಕೆಲಸಕ್ಕೆ ಸೇರಿದ ಹೊಲಿಗೆ ಅಂಗಡಿಗೆ ಪಂದ್ಯದ ಸವಾರರ ಅಂಗಿಗಳ ಕೆಲಸ ಬಂತು. ಬಾಳೆಹಣ್ಣಿನ ಸಿಪ್ಪೆಯ ಹಾಗೆ ಜಾರುವ ಬಟ್ಟೆ, ಮಷೀನಿನ ಕೆಳಗೆ ಒಂದು ಗಳಿಗೆ ನಿಲ್ಲುವುದಿಲ್ಲ. ಹಸಿರು ಮೈಗೆ ಬಿಳಿ ಬೊಟ್ಟು ಇಟ್ಟ ಅಂಗಿ ಪೂರ್ತಿ ನನ್ನ ಕೈಯದು. ಬೊಟ್ಟು ಒಂದೊಂದನ್ನೂ ಕತ್ತರಿಸಿ, ಅಂಚು ಮಡಿಚಿ ಕೂರಿಸುವಷ್ಟರಲ್ಲಿ ಕುತ್ತಿಗೆ ಹಿಡಿದುಕೊಂಡಿತು. ಕೆಲಸ ಮೆಚ್ಚಿ ಪಂದ್ಯದವರು ಅಂಗಡಿಯಮ್ಮನಿಗೆ ಎರಡು ಪಾಸು ಕೊಟ್ಟರು. ಅವರು ತಮ್ಮ ಜೊತೆಗೆ ನನ್ನನ್ನು ಕರೆದರು. ಮೊದಲು ಬೇಡವೆಂದೆ. ಕುದುರೆ ಕಂಡರೆ ಕಾಲು ನೋವು ಅನ್ನುತ್ತಾರಲ್ಲ, ಹಾಗೆ ಪಾಸು ಕಂಡ ಮೇಲೆ ಇಷ್ಟು ದಿನದ ದಣಿವೆಲ್ಲ ಒಟ್ಟಿಗೆ ನೆನಪಾಗಿ ಹೊರಟೇಬಿಟ್ಟೆ.

ಎಂಥ ದಿನ ಅದು! ನೀರು ಇಳಿದು ಮರಳು ಗಟ್ಟಿಯಾಗಿ ಹೊಳೆಯುತ್ತಿತ್ತು. ಹಗ್ಗದ ಆಚೆ ಕುದುರೆಗಳು, ಈಚೆ ಹಲಗೆ ಬೆಂಚಿನ ಮೇಲೆ ನಾವು. ಗೊರಸಿನಿಂದ ಎದ್ದ ನೀರು ಹಗ್ಗ ದಾಟಿ ಮುಖಕ್ಕೆ ಸಿಡಿಯುತ್ತಿತ್ತು. ತುಟಿ ಸವರಿಕೊಂಡರೆ ಉಪ್ಪು. ಅಂಗಡಿಯಮ್ಮ ಕಾಗದದ ಟೋಪಿ ಕೊಡಿಸಿದರು. ಕೂದಲು ನೆರೆತವಳು ಟೋಪಿ ಹಾಕಿಕೊಂಡು, ಹುರಿದ ಕಡಲೆಕಾಯಿ ತಿನ್ನುತ್ತ, ಕಾಲು ಅಲ್ಲಾಡಿಸುತ್ತ ಕೂತಿದ್ದೆ. ನೀವಿಲ್ಲದ ಮನೆ ಒಂದು ಕ್ಷಣವೂ ನೆನಪಾಗಲಿಲ್ಲ. ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ.

ಮೂರನೆಯ ಓಟಕ್ಕೆ ನನ್ನ ಹಸಿರು ಅಂಗಿ ಬಂತು. ಅದನ್ನು ತೊಟ್ಟ ಸವಾರ ಒಂದು ಕಂದು ಕುದುರೆಯ ಮೇಲಿದ್ದ. ಮೈಕಿನಲ್ಲಿ ಕುದುರೆಯ ಹೆಸರು ಕೂಗಿದರು: ಯಜಮಾನ. ಅಂಗಡಿಯಮ್ಮ ನನ್ನ ಪಕ್ಕೆ ತಿವಿದು, ನೋಡ್ರೀ, ನಿಮ್ಮ ಯಜಮಾನ್ರು ನೀವು ಹೊಲಿದ ಅಂಗೀನ ಬೆನ್ನ ಮೇಲೆ ಹೊತ್ಕೊಂಡು ಓಡ್ತಾರಂತೆ ಎಂದು ನಕ್ಕರು. ಮದುವೆಯಾದಾಗಿನಿಂದ ನಿಮ್ಮ ಹೆಸರು ನನ್ನ ಬಾಯಲ್ಲಿ ಬಂದಿಲ್ಲ, ಏಕವಚನವಂತೂ ದೂರದ ಮಾತು. ಆವತ್ತು ಬೆಂಚು ಹತ್ತಿ ನಿಂತು, ಓಡೋ ಯಜಮಾನಾ, ಓಡೋ, ಕಾಲು ಹಾಕೋ ಸೋಮಾರಿ ಎಂದು ಗಂಟಲು ಹರಿದುಕೊಂಡೆ. ಸುತ್ತಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಳಗೆ ಇಟ್ಟುಕೊಂಡದ್ದೆಲ್ಲ ಕುದುರೆಯ ಹೆಸರಿನಲ್ಲಿ ಹೊರಗೆ ಬಂತೇನೋ. ಯಜಮಾನ ಗೆದ್ದ. ಎಲ್ಲರ ಕೂಗು ನಿಂತ ಮೇಲೂ ನನ್ನದು ನಿಲ್ಲಲಿಲ್ಲ. ನಮ್ಮ ಯಜಮಾನ, ನಮ್ಮ ಯಜಮಾನ ಎಂದು ಕೂಗುತ್ತಲೇ ಇದ್ದೆ.

ಆಗ ನೀವು ತಿರುಗಿದಿರಿ.

ಇಲ್ಲಿಯವರೆಗೆ ಬರೆದು, ಮೇಲಿನ ಬಿಸಿಲಿನ ಮಾತನ್ನು ಇನ್ನೊಮ್ಮೆ ಓದಿದೆ. ಹೊಡೆದು ಹಾಕೋಣವೆನಿಸಿತು. ಬೇಡ, ಇರಲಿ, ನಾನೆಂಥವಳೆಂದು ಅದೂ ಹೇಳಲಿ. ಬಿಸಿಲು ನನ್ನ ಬೆನ್ನಿಗಿತ್ತು. ನೀವು ಹಗ್ಗದ ಆಚೆ, ಮೆಲ್ಲಗೆ ಮಾತಾಡಿದರೂ ಕೇಳುವಷ್ಟು ಹತ್ತಿರವಿದ್ದಿರಿ. ಮೊಣಕಾಲವರೆಗೆ ರಬ್ಬರ್ ಬೂಟು, ಒಂದು ಕೈಯಲ್ಲಿ ಸಲಿಕೆ, ಇನ್ನೊಂದರಲ್ಲಿ ಕುದುರೆ ಲದ್ದಿಯ ಬುಟ್ಟಿ. ಗಡ್ಡ ಬಿಟ್ಟಿದ್ದಿರಿ, ಇಳಿದು ಹೋಗಿದ್ದಿರಿ. ಅಂಗಿ ಮಾತ್ರ ನನಗೆ ಗೊತ್ತಿದ್ದದ್ದೇ, ಕಾಲರ್ ಸವೆದಾಗ ನಾನೇ ತಿರುವಿ ಹೊಲಿದ ನೀಲಿ ಅಂಗಿ. ಸವಾರನ ಮೈಮೇಲೆ ನನ್ನ ಹೊಲಿಗೆ ಕಂಡು ಕುಣಿದವಳಿಗೆ ನಿಮ್ಮ ಮೈಮೇಲಿನ ಹೊಲಿಗೆ ಗುರುತು ಸಿಗಲಿಲ್ಲವೆಂದರೆ ಯಾರು ನಂಬುತ್ತಾರೆ?

ನಾನು ನಿಮ್ಮನ್ನೇ ಕರೆದೆನೆಂದು ತಿಳಿದಿರಿ. ನಿಮ್ಮ ಮುಖ ಹೇಗೆ ಅರಳಿತು! ಬುಟ್ಟಿ ಕೆಳಗಿಟ್ಟು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಮೇಲೆತ್ತಿ, ಬಂದ್ಯಾ ಎಂದಿರಿ. ಅಷ್ಟೇ.

ಅಂಗಡಿಯಮ್ಮ, ಯಾರ್ರೀ ಅದು, ನಿಮ್ಮನ್ನ ನೋಡಿ ಕೈ ಎತ್ತಿದಾನಲ್ಲ ಎಂದು ಕೇಳಿದರು. ನೀವು ಹಡಗಿನ ಕಂಪನಿಯಲ್ಲಿ ಮೇಲ್ವಿಚಾರಕರೆಂದು ಅವರಿಗೆ ಹೇಳಿಟ್ಟಿದ್ದೆ. ನೀವು ಹೋಗಿ ತಿಂಗಳಾದ ಮೇಲೆ ಬರೆದ ಕಾಗದದಲ್ಲಿ ಇದ್ದದ್ದು ಸಮುದ್ರದ ಹತ್ತಿರ ಕೆಲಸ, ಒಳ್ಳೇ ಗಾಳಿ ಎಂಬ ಎರಡು ಮಾತು. ವಿಳಾಸವೂ ಇರಲಿಲ್ಲ. ಉಳಿದ ಹಡಗನ್ನೆಲ್ಲ ನಾನೇ ಕಟ್ಟಿದ್ದೆ. ಈಗ ಆ ಹಡಗು ಮುಳುಗುತ್ತದೆಂದು ಹೆದರಿದೆ. ಯಾರೋ ಲದ್ದಿ ಎತ್ತೋನು, ಕುದುರೆ ಹೆಸರು ಕೂಗಿದ್ರೆ ತನ್ನನ್ನೇ ಕರೆದ್ರು ಅಂದ್ಕೊಂಡಿದಾನೆ ಎಂದೆ. ಸಾಲದ್ದಕ್ಕೆ ನಕ್ಕೆ.

ನಿಮಗೆ ಕೇಳಿಸಿತು. ಕೇಳಿಸಿತೆಂದು ನನಗೂ ಗೊತ್ತಾಯಿತು. ನೀವು ಒಮ್ಮೆ ಕುದುರೆಯ ಕಡೆ ನೋಡಿದಿರಿ, ಒಮ್ಮೆ ಅಂಗಡಿಯಮ್ಮನ ಕಡೆ. ಆಮೇಲೆ ಹಣೆ ಬಡಿದುಕೊಂಡು, ತಪ್ಪಾಯ್ತಮ್ಮಾ, ನಮ್ಮ ಮನೆಯವರು ಅಂದ್ಕೊಂಡೆ, ಅವರ ದನಿ ಇದ್ದ ಹಾಗಿತ್ತು ಎಂದು ನಗುತ್ತ ಬುಟ್ಟಿ ಎತ್ತಿಕೊಂಡಿರಿ. ನನ್ನನ್ನು ಅಮ್ಮಾ ಎಂದಿರಿ. ನನ್ನ ಸುಳ್ಳನ್ನು ಉಳಿಸಲು, ನಿಂತ ನಿಲುವಿನಲ್ಲೇ ನನಗೆ ಹೊರಗಿನವರಾದಿರಿ. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅಲ್ಲೇ ನಾಲ್ಕು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಆ ಲದ್ದಿ ಎಂಬ ಮಾತು ನಿಮ್ಮೆದುರು ನನ್ನ ಬಾಯಿಂದ ಬಂದದ್ದು ಎರಡನೆಯ ಸಲ. ನಿಮ್ಮ ಅಚ್ಚಿನ ಪ್ರೆಸ್ ಮುಚ್ಚಿ ನೀವು ಮನೆಯಲ್ಲಿ ಕೂತಿದ್ದ ದಿನಗಳಲ್ಲಿ, ನಾನು ಮನೆಯಲ್ಲೇ ಹೊಲಿದಿಟ್ಟ ಗಿರಾಕಿಯ ಕೋಟಿನ ಮೇಲೆ ಇಸ್ತ್ರಿ ಪೆಟ್ಟಿಗೆ ಮರೆತು, ಕಿಟಕಿಯಾಚೆ ಗಾಡಿಯ ಕುದುರೆ ನೋಡುತ್ತ ನಿಂತಿದ್ದಿರಿ. ಕೋಟು ಸುಟ್ಟಿತು. ಗಿರಾಕಿಯ ಎದುರಿಗೇ, ತಲೇಲಿ ಲದ್ದಿ ತುಂಬ್ಕೊಂಡಿದೀರಾ ಎಂದೆ. ಎಲ್ಲರ ಮನೆಯಲ್ಲೂ ಆಡುವ ಮಾತು, ನಿಮಗೆ ನಾಟಿತು. ಮರುದಿನ ಬೆಳಿಗ್ಗೆ ಹೊರಟುಹೋದಿರಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಊರಿಗೆಲ್ಲ ಬುದ್ಧಿ ಹೇಳುವವಳು ನಾನು. ನಾನು ನಿಮ್ಮ ತಲೆಗೆ ತುಂಬಿದ್ದನ್ನು ನೀವು ಅಲ್ಲಿ ಮರ್ಯಾದೆಯಾಗಿ ಬುಟ್ಟಿಗೆ ತುಂಬುತ್ತಿದ್ದೀರಿ.

ಇದಕ್ಕಿಂತ ನಾಚಿಕೆಯ ವಿಷಯ ಇನ್ನೂ ಒಂದಿದೆ. ನಾಲ್ಕನೆಯ ಓಟದಲ್ಲಿ ನಾನು ಮತ್ತೆ ನಕ್ಕೆ. ಮೊದಮೊದಲು ನಟನೆ, ಆಮೇಲೆ ನಿಜವಾಗಿಯೇ. ನೀವು ದೂರದಲ್ಲಿ ಬಗ್ಗಿಕೊಂಡು ಮರಳು ಸಮ ಮಾಡುತ್ತಿದ್ದಿರಿ. ನೀವು ಸಮ ಮಾಡಿದ ಮರಳಿನ ಮೇಲೇ ಕುದುರೆಗಳು ಓಡಿದವು, ನಾನು ಚಪ್ಪಾಳೆ ತಟ್ಟಿದೆ. ಬರುವಾಗ ಬಸ್ಸಿನ ಕಿಟಕಿಯ ಗಾಜಿನಲ್ಲಿ ನನ್ನ ಮುಖ ಕಂಡಿತು, ಕಾಗದದ ಟೋಪಿ ಇನ್ನೂ ತಲೆಯ ಮೇಲೇ ಇತ್ತು. ಅದನ್ನು ತೆಗೆದು ಮಡಿಚಿ ಮಡಿಚಿ ಇಷ್ಟು ಚಿಕ್ಕದು ಮಾಡಿದೆ.

ಬನ್ನಿ ಎಂದು ಕರೆಯುವ ಮುಖ ನನಗಿಲ್ಲ. ಆದರೂ ಕರೆಯುತ್ತೇನೆ. ಕೆಲಸ ಬಿಟ್ಟು ಬನ್ನಿ ಎನ್ನುತ್ತಿಲ್ಲ. ನಾನು ಬಾಯಿ ಬಿಡುವ ಮೊದಲು ನೀವು ಆ ಕುದುರೆಗಳ ಮಧ್ಯೆ ಸುಖವಾಗಿಯೇ ಇದ್ದಂತೆ ಕಂಡಿರಿ. ರಜೆ ಸಿಕ್ಕ ದಿನ ಮನೆಗೆ ಬನ್ನಿ, ಬೂಟು ಬಾಗಿಲಲ್ಲಿ ಬಿಟ್ಟರೆ ಸಾಕು. ಪ್ರೆಸ್ಸಿನಲ್ಲಿ ಅಷ್ಟು ವರ್ಷ ಬೇರೆಯವರ ತಪ್ಪು ತಿದ್ದಿದವರು ನೀವು. ಈ ಕಾಗದದಲ್ಲಿ ಅಕ್ಷರದ ತಪ್ಪಿದ್ದರೆ ನೀವು ತಿದ್ದಿಕೊಳ್ಳಿ, ಉಳಿದದ್ದನ್ನು ನಾನು ತಿದ್ದಿಕೊಳ್ಳುತ್ತೇನೆ.

ಇಂತಿ,
ನಿಮ್ಮ ಮನೆಯವರ ದನಿ ಇದ್ದವಳು

ತಾ.ಕ. ಬುಧವಾರ. ವಿಳಾಸವಿಲ್ಲದ್ದರಿಂದ ಕಾಗದವನ್ನು ನಾನೇ ತಂದಿದ್ದೇನೆ. ನಿನ್ನೆ ಅಂಗಡಿಯಮ್ಮನಿಗೆ ಎಲ್ಲ ಹೇಳಿದೆ. ಅವರು ಕತ್ತರಿ ಕೆಳಗಿಟ್ಟು, ಹಾಗಾದ್ರೆ ಆ ಹಡಗಿನ ಕಂಪನಿ ಎಂದರು. ಮುಳುಗೋಯ್ತು ಎಂದೆ. ಈಗ ಲಾಯದ ಗೇಟಿನ ಹೊರಗೆ, ಗೋಡೆಗೆ ಕಾಗದ ಒತ್ತಿ ಬರೆಯುತ್ತಿದ್ದೇನೆ. ಕಾವಲುಗಾರ ಯಾರು ಬೇಕು ಎಂದು ಕೇಳಿದ. ನಮ್ಮ ಯಜಮಾನರು ಎಂದೆ. ಗೆದ್ದ ಕುದುರೇನ ಹೊರಗಿನವರಿಗೆ ತೋರ್ಸಲ್ಲಮ್ಮಾ ಎಂದ. ಕುದುರೆ ಅಲ್ಲಪ್ಪಾ, ಇಲ್ಲಿ ಲದ್ದಿ ಎತ್ತೋರು, ನನ್ನ ಗಂಡ ಎಂದು ಗಟ್ಟಿಯಾಗಿ ಹೇಳಿದೆ. ಅಲ್ಲಿದ್ದವರೆಲ್ಲ ನನ್ನನ್ನು ನೋಡಿದರು. ನೋಡಲಿ. ಚೀಟಿ ಕೊಟ್ಟರೆ ಒಳಗೆ ತಲುಪಿಸುತ್ತಾನಂತೆ. ಕಂಬಿಯ ಸಂದಿಯಿಂದ ನಿಮ್ಮ ಬೆನ್ನು ಕಾಣುತ್ತಿದೆ, ಪಕ್ಕದಲ್ಲೇ ಆ ಕಂದು ಕುದುರೆಯೂ ಇದೆ. ಕೂಗೋಣವೆಂದರೆ ಧೈರ್ಯ ಸಾಲದು. ಈ ಸಲ ಕುದುರೆ ತಿರುಗಿ, ನೀವು ತಿರುಗದೇ ಹೋದರೆ?