ಮುಚ್ಚಿಡಲಾಗದ ಜ್ವರ

೧೪ ಡಿಸೆಂಬರ್ ೧೯೯೩, ಮಂಗಳವಾರ. ಬನಹಟ್ಟಿ.

ಇವರ ಮಾತು ಮೀರಿ ಇಂದು ಡಾಕ್ಟರರಿಗೆ ಜ್ವರದ ವಿಷಯ ಹೇಳಿಬಿಟ್ಟೆ. ಇವರ ಮೂತ್ರಕೋಶದ ಕ್ಯಾನ್ಸರಿಗೆಂದು ವಾರಕ್ಕೊಮ್ಮೆ ಮಿರಜಕ್ಕೆ ಹೋಗಿ, ನಳಿಕೆಯಿಂದ ಮೂತ್ರಕೋಶದೊಳಗೇ, ಈ ಕ್ಯಾನ್ಸರನ್ನು ತಡೆಯುತ್ತದೆಂಬ ಕ್ಷಯದ ಲಸಿಕೆ ಹಾಕಿಸಿಕೊಂಡು ಬರುತ್ತಿದ್ದೆವು. ಉರಿಮೂತ್ರ, ರಕ್ತ, ಎಲ್ಲವನ್ನೂ ಹಲ್ಲು ಕಚ್ಚಿ ಸಹಿಸಿದರು. ಈ ಸಲ ಮಾತ್ರ ಚಳಿಜ್ವರ ಬಿಡಲೇ ಇಲ್ಲ. ಕೌದಿಯ ಮೇಲೆ ಕೌದಿ ಹೊದಿಸಿದರೂ ಮಂಚ ಅಲುಗುತ್ತಿತ್ತು.

"ಡಾಕ್ಟರಿಗೆ ಹೇಳಬ್ಯಾಡ, ಔಷಧ ನಿಲ್ಲಸ್ತಾರ," ಎಂದು ನನ್ನ ಕೈ ಹಿಡಿದು ಬೇಡಿಕೊಂಡಿದ್ದರು.

ಡಾಕ್ಟರರು ನಿಲ್ಲಿಸಿಯೇ ಬಿಟ್ಟರು. "ಆ ಲಸಿಕ್ಯಾಗ ಇರೂವು ಜೀವಂತ ಕ್ಷಯದ ಕ್ರಿಮಿರಿ, ಅಕ್ಕಾರ. ರಕ್ತಕ್ಕ ಸೇರಿರಬೇಕು. ಇನ್ನ ಹಾಕಿದ್ರ ಜೀವಕ್ಕ ಅಪಾಯ," ಎಂದು ಕ್ಷಯದ ಗುಳಿಗೆ ಬರೆದುಕೊಟ್ಟರು.

ಮನೆಗೆ ಬಂದು ನಾನು ಗುಳಿಗೆ ಕೊಟ್ಟಾಗ ಇವರು ಮೆಲ್ಲಗೆ ಅಂದರು: "ಹೇಳದಿದ್ರ ಜ್ವರ ಒಯ್ತಿತ್ತು. ಹೇಳಿದ್ದಕ್ಕ ಕ್ಯಾನ್ಸರ ಒಯ್ತೈತಿ. ನೀನರ ಏನ ಮಾಡ್ತಿ, ರತ್ನಾ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಪಕ್ಕದ ಮನೆಯ ಮಗ್ಗ ಇನ್ನೂ ನಡೆದಿದೆ. ಇವರು ಗೋಡೆಗೆ ಮುಖ ಮಾಡಿ ಮಲಗಿದ್ದಾರೆ. ನಿದ್ದೆ ಬಂದಿದೆಯೋ, ಅಳುತ್ತಿದ್ದಾರೋ, ಎದ್ದು ಹೋಗಿ ನೋಡುವ ಧೈರ್ಯ ನನಗಿಲ್ಲ.